ಮಣ್ಣಿನಲ್ಲಿ ಉಳಿದ ಕೀಟನಾಶಕ: ಯಾವ ಜಾಗಕ್ಕೆ ಎಷ್ಟು ಮಿತಿ? ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಖಾಲಿ ಜಾಗ ಇದೆ ಅಂದುಕೊಳ್ಳಿ. ಮಣ್ಣು ಪರೀಕ್ಷೆ ಮಾಡಿಸಿದಾಗ ಒಂದು ಕೆಜಿ ಮಣ್ಣಿಗೆ 300 ಮಿಲಿಗ್ರಾಂ ಡಿಡಿಟಿ ಸಿಕ್ಕಿತು. ಮನುಷ್ಯರ ಆರೋಗ್ಯವನ್ನಷ್ಟೇ ನೋಡಿ ಇಟ್ಟ ಆಸ್ಟ್ರೇಲಿಯಾದ 2013ರ ಪಟ್ಟಿ ಹಿಡಿದು ನೋಡಿದರೆ ಅಲ್ಲಿ ಗೋದಾಮು ಕಟ್ಟಬಹುದು, ಯಾಕೆಂದರೆ ಅದಕ್ಕೆ ಮಿತಿ 3,600. ಪಾರ್ಕ್ ಮಾಡಬಹುದು, ಮಿತಿ 400. ಕೈತೋಟ ಇರುವ ಮನೆ ಕಟ್ಟುವುದಾದರೆ ಮಾತ್ರ ತಡೆ ಬೀಳುತ್ತದೆ, ಅಲ್ಲಿ ಮಿತಿ 240. ಮಣ್ಣು ಅದೇ, ವಿಷವೂ ಅಷ್ಟೇ. ಆದರೂ ಉತ್ತರ ಒಂದೇ ಅಲ್ಲ. ಇದನ್ನು ಕಂಡ ಕೂಡಲೇ ಜನರಿಗೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ.

ತರಕಾರಿಯಲ್ಲಿ ಇಷ್ಟೇ ಕೀಟನಾಶಕ ಇರಬೇಕು ಅಂತ ಒಂದು ಮಿತಿ ಇದೆಯಲ್ಲ, ಇದೂ ಅದೇ ಅಲ್ವಾ?

ಅಲ್ಲ. ಎರಡೂ ಕೆಜಿಗೆ ಇಷ್ಟು ಮಿಲಿಗ್ರಾಂ ಎಂದೇ ಬರೆಯುವುದರಿಂದ ಈ ಗೊಂದಲ ಆಗುತ್ತದೆ. ತರಕಾರಿ, ಹಣ್ಣು, ಕಾಳಿಗೆ ಇರುವ ಮಿತಿ ಹುಟ್ಟುವುದು ಹೊಲದಲ್ಲಿ. ಲೇಬಲ್‌ನಲ್ಲಿ ಹೇಳಿದ ಪ್ರಮಾಣದಲ್ಲಿ ಔಷಧಿ ಹೊಡೆದು, ಹೇಳಿದಷ್ಟು ದಿನ ಬಿಟ್ಟು ಕೊಯ್ದರೆ ಬೆಳೆಯಲ್ಲಿ ಎಷ್ಟು ಉಳಿಯುತ್ತದೆ ಎಂದು ಅಳೆದು, ಅದನ್ನು ತಿಂದರೆ ತೊಂದರೆ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಆ ಅಂಕಿ ಇಡುತ್ತಾರೆ.

ಮಣ್ಣಿನ ಮಿತಿಗೆ ದಾರಿ ಬೇರೆ. ಈ ಮಣ್ಣನ್ನು ಯಾರು ಮುಟ್ಟುತ್ತಾರೆ, ಎಷ್ಟು ಹೊತ್ತು ಇಲ್ಲಿರುತ್ತಾರೆ, ಎಷ್ಟು ವರ್ಷ ಇರುತ್ತಾರೆ, ಇಲ್ಲಿ ಬೆಳೆದದ್ದನ್ನು ತಿನ್ನುತ್ತಾರಾ ಎಂದು ಕೇಳುತ್ತಾ ಹೋಗಿ, ಕೊನೆಗೆ ಒಂದು ಅಂಕಿಗೆ ಬರುತ್ತಾರೆ. ಅಂದರೆ ವಿಷದ ಗುಣ ಅರ್ಧ ಲೆಕ್ಕ. ಉಳಿದ ಅರ್ಧ ಆ ನೆಲದ ಮೇಲಿನ ಬದುಕು.

ವಿಷ ವಿಷವೇ ತಾನೇ? ಜಾಗ ನೋಡಿ ಮಿತಿ ಸಡಿಲ ಮಾಡುವುದು ಸರಿಯಾ?

ಈ ಅನುಮಾನ ನ್ಯಾಯವಾದದ್ದೇ. ಆದರೆ ಒಂದೂವರೆ ವರ್ಷದ ಮಗುವನ್ನು ಅಂಗಳದಲ್ಲಿ ಬಿಟ್ಟು ಹತ್ತು ನಿಮಿಷ ಗಮನಿಸಿ. ಅಂಗೈ ನೆಲಕ್ಕೆ ಊರುತ್ತದೆ, ಅದೇ ಕೈ ಬಾಯಿಗೆ ಹೋಗುತ್ತದೆ. ಬಿದ್ದ ಆಟಿಕೆ ಎತ್ತಿ ಚೀಪುತ್ತದೆ. ಉಗುರಿನ ಸಂದಿಯಲ್ಲಿ ಕಪ್ಪಗೆ ಮಣ್ಣು ಕೂತಿರುತ್ತದೆ, ಆ ಬೆರಳನ್ನೇ ಮತ್ತೆ ಬಾಯಿಗೆ ಇಡುತ್ತದೆ. ಹೀಗೆ ದಿನಕ್ಕೆ ಎಷ್ಟು ಮಣ್ಣು ಹೊಟ್ಟೆಗೆ ಹೋಗುತ್ತದೆ? ಆಸ್ಟ್ರೇಲಿಯಾದ ಲೆಕ್ಕದಲ್ಲಿ ಚಿಕ್ಕ ಮಗುವಿಗೆ 100 ಮಿಲಿಗ್ರಾಂ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇನ್ನೂ ಎಚ್ಚರ ವಹಿಸಿ 200 ಮಿಲಿಗ್ರಾಂ ಹಿಡಿಯುತ್ತದೆ. ಒಂದು ಸಣ್ಣ ಚಿಟಿಕೆಯಷ್ಟು ಅಷ್ಟೇ. ಆದರೆ ದಿನಾ, ವರ್ಷಗಟ್ಟಲೆ. ಅದೂ ಲೆಕ್ಕದಲ್ಲಿ 15 ಕೆಜಿ ಎಂದು ಹಿಡಿಯುವ ಪುಟ್ಟ ಮೈಗೆ.

ಅದೇ ಜಾಗದಲ್ಲಿ ಗೋದಾಮು ಇದ್ದರೆ ಬರುವವರು ದೊಡ್ಡವರು. ವಾರದಲ್ಲಿ ಐದಾರು ದಿನ, ದಿನಕ್ಕೆ ಎಂಟು ಗಂಟೆ. ಕಾಲಡಿ ಕಾಂಕ್ರೀಟ್. ಅಲ್ಲಿ ಯಾರೂ ಸೊಪ್ಪು ಬೆಳೆದು ತಿನ್ನುವುದಿಲ್ಲ. ಎರಡು ಕಡೆಗೂ ಒಂದೇ ಮಿತಿ ಇಟ್ಟರೆ ಏನಾಗುತ್ತದೆ ನೋಡಿ. ಗೋದಾಮಿಗೆ ಸರಿಹೋಗುವ ಅಂಕಿ ಇಟ್ಟರೆ ಮಗುವಿಗೆ ಅನ್ಯಾಯ. ಮಗುವಿಗೆ ಬೇಕಾದ ಅಂಕಿ ಇಟ್ಟರೆ ಯಾರೂ ಮುಟ್ಟದ ಮಣ್ಣನ್ನೂ ಅಗೆದು ಲಾರಿಗೆ ತುಂಬಬೇಕಾಗುತ್ತದೆ. ಹಾಗೆ ಅಗೆದ ಮಣ್ಣು ಇನ್ನೊಂದು ಕಡೆ ಹೋಗಿ ಬೀಳಲೇಬೇಕಲ್ಲ?

ಆ ಅಂಕಿ ಬರುವುದು ಹೇಗೆ? ಒಂದು ಸಲ ಲೆಕ್ಕ ಮಾಡಿ ತೋರಿಸಿ.

ಖಂಡಿತ. ಇದು ಅರ್ಥ ಮಾಡಿಸಲು ಮಾಡಿದ ಉದಾಹರಣೆ, ಯಾವುದೇ ನಿಜವಾದ ಕೀಟನಾಶಕದ ಅಂಕಿ ಅಲ್ಲ.

ಮೊದಲು ಪ್ರಾಣಿಗಳ ಮೇಲೆ ನಡೆದ ಪರೀಕ್ಷೆ ನೋಡುತ್ತಾರೆ. ಯಾವ ಪ್ರಮಾಣದವರೆಗೆ ಏನೂ ಕೆಟ್ಟ ಪರಿಣಾಮ ಕಾಣಲಿಲ್ಲವೋ ಅದನ್ನು ಗುರುತಿಸುತ್ತಾರೆ. ಆ ಪ್ರಮಾಣವನ್ನು ಸಾಮಾನ್ಯವಾಗಿ 100ರಿಂದ ಭಾಗಿಸುತ್ತಾರೆ. ಪ್ರಾಣಿಗಿಂತ ಮನುಷ್ಯ ಸೂಕ್ಷ್ಮ ಇರಬಹುದು ಎಂದು 10, ಮನುಷ್ಯರಲ್ಲೇ ಕೆಲವರು ಇನ್ನೂ ಸೂಕ್ಷ್ಮ ಎಂದು ಮತ್ತೊಂದು 10. ಹೀಗೆ ಸಿಕ್ಕ ದಿನದ ಸುರಕ್ಷಿತ ಪ್ರಮಾಣ ಮೈತೂಕದ ಪ್ರತಿ ಕೆಜಿಗೆ 0.001 ಮಿಲಿಗ್ರಾಂ ಅಂದುಕೊಳ್ಳೋಣ.

15 ಕೆಜಿ ಮಗುವಿಗೆ ದಿನಕ್ಕೆ 0.015 ಮಿಲಿಗ್ರಾಂ ಆಯಿತು. ಮಗು ಊಟ, ನೀರಿನ ಮೂಲಕವೂ ಒಂದಿಷ್ಟು ತೆಗೆದುಕೊಳ್ಳುತ್ತದೆ. ಹಾಗಾಗಿ ಪೂರ್ತಿ ಪಾಲನ್ನು ಮಣ್ಣಿಗೆ ಬಿಟ್ಟುಕೊಡುವ ಹಾಗಿಲ್ಲ. ಮಣ್ಣಿಗೆ ನೂರಕ್ಕೆ 20 ಎಂದು ಇಟ್ಟರೆ 0.003 ಮಿಲಿಗ್ರಾಂ. ಈ 0.003 ಮಿಲಿಗ್ರಾಂ ವಿಷ, ಮಗು ನುಂಗುವ 100 ಮಿಲಿಗ್ರಾಂ ಮಣ್ಣಿನೊಳಗೆ ಇರಬಹುದು. ಒಂದು ಕೆಜಿಗೆ ಹಿಗ್ಗಿಸಿದರೆ 30 ಮಿಲಿಗ್ರಾಂ. ಇದು ಮನೆ ಜಾಗದ ಮಿತಿ.

ಈಗ ಗೋದಾಮಿನ ಕೆಲಸಗಾರ. ತೂಕ 70 ಕೆಜಿ. ಅದೇ ಲೆಕ್ಕದಲ್ಲಿ ಮಣ್ಣಿನ ಪಾಲು ದಿನಕ್ಕೆ 0.014 ಮಿಲಿಗ್ರಾಂ. ದಿನಕ್ಕೆ 50 ಮಿಲಿಗ್ರಾಂ ಮಣ್ಣು ಒಳಗೆ ಹೋಗುತ್ತದೆ ಅಂದುಕೊಂಡರೆ ಕೆಜಿಗೆ 280. ವಾರಕ್ಕೆ ಐದೇ ದಿನ ಬರುವುದರಿಂದ ಅದು 392ಕ್ಕೆ ಏರುತ್ತದೆ. ವಿಷ ಬದಲಾಗಲಿಲ್ಲ. ಆದರೂ 30 ಎಲ್ಲಿ, 392 ಎಲ್ಲಿ!

ಇಲ್ಲಿ ಒಂದು ವಿಷಯ ನೆನಪಿಡಿ. ಈ ಲೆಕ್ಕದಲ್ಲಿ ಪ್ರಕೃತಿ ಕೊಟ್ಟ ಅಂಕಿ ಯಾವುದು, ನಾವೇ ಕೂತು ತೀರ್ಮಾನಿಸಿದ ಅಂಕಿ ಯಾವುದು? ಮಣ್ಣಿಗೆ ನೂರಕ್ಕೆ 20 ಪಾಲು ಎಂದದ್ದು ನಾವು. 10 ಎಂದಿದ್ದರೆ ಮಿತಿ ಅರ್ಧಕ್ಕೆ ಇಳಿಯುತ್ತಿತ್ತು. ಕ್ಯಾನ್ಸರ್ ತರುವ ವಸ್ತುಗಳಿಗೆ ಲೆಕ್ಕವೇ ಬೇರೆ. ಅಲ್ಲಿ ಜೀವಮಾನದಲ್ಲಿ 10 ಲಕ್ಷಕ್ಕೆ ಒಬ್ಬರಿಗೆ ಹೆಚ್ಚುವರಿ ಅಪಾಯವೋ, 1 ಲಕ್ಷಕ್ಕೆ ಒಬ್ಬರಿಗೋ ಎಂದು ಮೊದಲೇ ಆಯ್ಕೆ ಮಾಡಬೇಕು. ಆ ಆಯ್ಕೆಯನ್ನು ಜನರ ಮುಂದಿಟ್ಟೇ ಮಾಡಬೇಕು ಎನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. ಆ ನೆಲದ ಮೇಲೆ ಬದುಕುವವರಿಗೆ ಅದನ್ನು ಕೇಳುವ ಹಕ್ಕಿದೆ.

ಮಣ್ಣು ಬಾಯಿಗೆ ಹೋಗುವುದೊಂದೇ ದಾರಿಯಾ?

ಚರ್ಮಕ್ಕೆ ಅಂಟುತ್ತದೆ. ಧೂಳಾಗಿ ಉಸಿರಿನೊಳಗೆ ಹೋಗುತ್ತದೆ. ಕೆಲವು ವಸ್ತುಗಳು ಆವಿಯಾಗಿ ಮನೆಯೊಳಗೂ ಬರುತ್ತವೆ. ಆದರೆ ಬಹಳ ಸಲ ಎಲ್ಲಕ್ಕಿಂತ ದೊಡ್ಡ ದಾರಿ ಕೈತೋಟ.

ನ್ಯೂಜಿಲೆಂಡ್ 2011ರಲ್ಲಿ ತಂದ ಮಿತಿಗಳಲ್ಲಿ ಇದು ಕಣ್ಣಿಗೆ ರಾಚುವಂತೆ ಕಾಣುತ್ತದೆ. ಡೈಎಲ್ಡ್ರಿನ್ ಎಂಬ ಹಳೆಯ ಕೀಟನಾಶಕವನ್ನೇ ನೋಡಿ. ಮನೆಗೆ ಬೇಕಾದ ತರಕಾರಿಯಲ್ಲಿ ನೂರಕ್ಕೆ 25 ಭಾಗ ಅಲ್ಲೇ ಬೆಳೆದು ತಿನ್ನುವ ಹಳ್ಳಿ ಕಡೆಯ ಮನೆಗೆ ಮಿತಿ ಕೆಜಿಗೆ 1.1 ಮಿಲಿಗ್ರಾಂ. ನೂರಕ್ಕೆ 10 ಭಾಗ ಬೆಳೆಯುವ ಊರಿನ ಮನೆಗೆ 2.6. ಕೈತೋಟವೇ ಇಲ್ಲದ, ಮಣ್ಣಿನ ಒಡನಾಟ ಕಡಿಮೆ ಇರುವ ಒತ್ತೊತ್ತಾದ ವಸತಿಗೆ 45. ಹೊರಗೆ ಕೆಲಸ ಮಾಡುವವರು ಇರುವ ವ್ಯಾಪಾರದ ಜಾಗಕ್ಕೆ 160. ಅಲ್ಲಿ ಕುರಿಗಳನ್ನು ಔಷಧಿ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದ ಹಳೆಯ ಗುಂಡಿಗಳ ಸುತ್ತ ಡೈಎಲ್ಡ್ರಿನ್, ಆರ್ಸೆನಿಕ್ ಉಳಿದುಬಿಟ್ಟಿವೆ. ಅದಕ್ಕೇ ಈ ಅಂಕಿಗಳು ಅವರಿಗೆ ಪುಸ್ತಕದ ವಿಷಯವಲ್ಲ.

ಬೆಳೆ ಯಾವುದು ಎನ್ನುವುದೂ ಮುಖ್ಯ. ಕುಂಬಳ, ಸೌತೆ ಜಾತಿಯ ಬಳ್ಳಿಗಳು ಡೈಎಲ್ಡ್ರಿನ್, ಡಿಡಿಟಿ ಒಡೆದು ಆಗುವ ಡಿಡಿಇ ತರಹದ ವಸ್ತುಗಳನ್ನು ಬೇರೆ ಗಿಡಗಳಿಗಿಂತ ಜಾಸ್ತಿ ಎಳೆದುಕೊಳ್ಳುತ್ತವೆ. ಗಡ್ಡೆ ತರಕಾರಿಗಳಲ್ಲಿ ಸಿಪ್ಪೆಗೆ ಅಂಟಿದ ಮಣ್ಣೇ ಒಂದು ಪಾಲು ತರುತ್ತದೆ.

ಕೋಳಿಯನ್ನು ಮರೆಯಬೇಡಿ. ಅದು ದಿನವಿಡೀ ನೆಲ ಕೆದಕುತ್ತದೆ, ಮಣ್ಣನ್ನೂ ನುಂಗುತ್ತದೆ. ಕೊಬ್ಬಿನಲ್ಲಿ ಕೂರುವ ಕೀಟನಾಶಕಗಳು ಮೊಟ್ಟೆಯ ಹಳದಿಗೆ ಬರುತ್ತವೆ. ಆಸ್ಟ್ರೇಲಿಯಾದ ಮನೆ ಜಾಗದ ಮಿತಿಗೆ ಒಂದು ಷರತ್ತಿದೆ: ಆ ಮನೆಯಲ್ಲಿ ಕೋಳಿ ಸಾಕಿರಬಾರದು. ಸಾಕಿದ್ದರೆ ಆ ಅಂಕಿ ಅನ್ವಯಿಸುವುದಿಲ್ಲ, ಬೇರೆಯಾಗಿ ಲೆಕ್ಕ ಹಾಕಬೇಕು. ಮಿತಿಯ ಅಂಕಿಯನ್ನು ಎಲ್ಲರೂ ಓದುತ್ತಾರೆ, ಅದರ ಕೆಳಗಿನ ಷರತ್ತನ್ನು ಓದುವವರು ಕಡಿಮೆ. ದಯವಿಟ್ಟು ಓದಿ.

ಕೃಷಿ ಜಮೀನಿಗೆ ಮಿತಿ ಸಡಿಲ ಇರಬೇಕಲ್ವಾ? ಔಷಧಿ ಹೊಡೆಯುವುದೇ ಅಲ್ಲಿ.

ಕೇಳಲು ಸರಿ ಅನಿಸುತ್ತದೆ, ನಿಜ ಅದಕ್ಕೆ ಉಲ್ಟಾ. ಚೀನಾ 2018ರಲ್ಲಿ ತಂದ ಮಾನದಂಡಗಳಲ್ಲಿ ಕೃಷಿ ಮಣ್ಣಿಗೆ ಡಿಡಿಟಿ ಮಿತಿ ಕೆಜಿಗೆ 0.10 ಮಿಲಿಗ್ರಾಂ. ಮನೆ, ಶಾಲೆ ಕಟ್ಟುವ ಜಾಗಕ್ಕೆ 2.0. ಕಾರ್ಖಾನೆ ಜಾಗಕ್ಕೆ 6.7. ಹೊಲದ ಮಣ್ಣಿಗೇ ಎಲ್ಲಕ್ಕಿಂತ ಬಿಗಿ. ಹೊಲದಲ್ಲಿ ಉಳಿದದ್ದು ಹೊಲದಲ್ಲೇ ನಿಲ್ಲುವುದಿಲ್ಲ, ಬೆಳೆಯ ಜೊತೆ ನೂರಾರು ಮನೆಗೆ ಹೋಗುತ್ತದೆ.

ಕ್ಲೋರ್ಡೆಕೋನ್ ಎಂಬ ಕೀಟನಾಶಕದ ಕಥೆ ಕೇಳಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಕೆರಿಬಿಯನ್ ಸಮುದ್ರದ ಫ್ರೆಂಚ್ ದ್ವೀಪಗಳಾದ ಗ್ವಾಡೆಲೂಪ್ ಮತ್ತು ಮಾರ್ಟಿನಿಕ್‌ನಲ್ಲಿ ಬಾಳೆಗೆ ಬರುವ ಮೂತಿಹುಳದ ಕಾಟಕ್ಕೆ ಇದನ್ನು ಬಳಸುತ್ತಿದ್ದರು. ಫ್ರಾನ್ಸ್ 1990ರಲ್ಲೇ ನಿಷೇಧಿಸಿತು. ಆದರೆ ಈ ದ್ವೀಪಗಳಿಗೆ ವಿನಾಯಿತಿ ಕೊಟ್ಟು 1993ರವರೆಗೆ ಬಳಕೆ ಮುಂದುವರಿಯಿತು. ಇವತ್ತಿಗೂ ಅದು ಮಣ್ಣು ಬಿಟ್ಟು ಹೋಗಿಲ್ಲ. ಯಾವ ಬಾಳೆಗಾಗಿ ಹಾಕಿದರೋ ಆ ಬಾಳೆಯ ಗೊನೆಗೆ ಅದು ಹೆಚ್ಚು ಏರುವುದಿಲ್ಲ. ಅದೇ ಮಣ್ಣಿನಲ್ಲಿ ಆಮೇಲೆ ಬೆಳೆದ ಗೆಣಸು, ಕೆಸುವಿನ ಗಡ್ಡೆಗಳಿಗೆ ಬರುತ್ತದೆ. ಮೇಯುವ ದನ ಹುಲ್ಲಿನ ಜೊತೆ ಮಣ್ಣನ್ನೂ ತಿನ್ನುತ್ತದೆ, ಅದರ ಮೈಗೂ ಸೇರುತ್ತದೆ. ಅಂದರೆ "ಕೃಷಿ ಜಮೀನು" ಎಂದು ಒಂದೇ ಪದ ಬರೆದರೆ ಸಾಲದು. ಮರದ ಹಣ್ಣೋ, ಗಡ್ಡೆಯೋ, ಮೇವೋ ಎಂದು ಬಿಡಿಸಿ ನೋಡಬೇಕು.

ಮನುಷ್ಯರನ್ನು ಬಿಟ್ಟು ಬೇರೆ ಜೀವಗಳ ಲೆಕ್ಕ ಯಾರಾದರೂ ಇಡುತ್ತಾರಾ?

ಇಡುತ್ತಾರೆ, ಇಡಲೇಬೇಕು. 1950ರ ದಶಕದಲ್ಲಿ ಅಮೆರಿಕದ ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದ ಆವರಣದಲ್ಲಿ ಎಲ್ಮ್ ಮರಗಳಿಗೆ ಡಿಡಿಟಿ ಹೊಡೆದರು. ಮರಕ್ಕೆ ರೋಗ ತರುವ ದುಂಬಿಯನ್ನು ಕೊಲ್ಲುವುದು ಉದ್ದೇಶ. ಎಲೆ ಉದುರಿ ಮಣ್ಣಿಗೆ ಸೇರಿತು. ಎಲೆಯನ್ನು ಎರೆಹುಳು ತಿಂದಿತು. ಎಷ್ಟೋ ಎರೆಹುಳುಗಳು ಸಾಯಲಿಲ್ಲ, ವಿಷವನ್ನು ಮೈಯಲ್ಲಿ ಇಟ್ಟುಕೊಂಡವು. ವಸಂತದಲ್ಲಿ ಬಂದ ರಾಬಿನ್ ಹಕ್ಕಿಗಳು ಹುಳುಗಳನ್ನು ಹೆಕ್ಕಿ ತಿಂದು, ನಡುಗುತ್ತಾ ಹುಲ್ಲಿನ ಮೇಲೆ ಬಿದ್ದು ಸತ್ತವು. ಹಕ್ಕಿಗೆ ಯಾರೂ ಔಷಧಿ ಹೊಡೆದಿರಲಿಲ್ಲ.

ಜೀವಪರಿಸರದ ಮಿತಿ ಇಡುವಾಗ ಬೇರೆ ಬೇರೆ ಹುಳು, ಗಿಡ, ಸೂಕ್ಷ್ಮಜೀವಿಗಳು ಎಷ್ಟು ತಾಳಿಕೊಳ್ಳುತ್ತವೆ ಎಂದು ಸಾಲಾಗಿ ಜೋಡಿಸಿ, ನೂರರಲ್ಲಿ ಎಷ್ಟು ಜಾತಿ ಉಳಿಯಬೇಕು ಎಂದು ತೀರ್ಮಾನಿಸುತ್ತಾರೆ. ಆಸ್ಟ್ರೇಲಿಯಾದಲ್ಲಿ ವಿಶೇಷ ಜೀವಪರಿಸರ ಇರುವ ಜಾಗಕ್ಕೆ ಡಿಡಿಟಿ ಮಿತಿ 3, ವಸತಿ ಮತ್ತು ಪಾರ್ಕಿಗೆ 180, ಕೈಗಾರಿಕೆಗೆ 640. ವಿಶೇಷ ಜಾಗಕ್ಕೆ 3 ಎಂದದ್ದು ಯಾವ ಮನುಷ್ಯನ ಸಲುವಾಗಿಯೂ ಅಲ್ಲ, ಆ ಮಣ್ಣಿನ ಜೀವಗಳ ಸಲುವಾಗಿ.

ಕೆನಡಾದಲ್ಲಿ ಮನೆ ಜಾಗಕ್ಕೆ ಡಿಡಿಟಿ 0.7, ನ್ಯೂಜಿಲೆಂಡ್‌ನಲ್ಲಿ 70, ಆಸ್ಟ್ರೇಲಿಯಾದಲ್ಲಿ 240. ಯಾವುದನ್ನು ನಂಬಬೇಕು?

ಮೂರನ್ನೂ ನಂಬಬಹುದು, ಯಾಕೆಂದರೆ ಅವು ಮೂರು ಬೇರೆ ಪ್ರಶ್ನೆಗಳಿಗೆ ಉತ್ತರ. ಕೆನಡಾದ 0.7 ಹಿಂದೆ ಇರುವುದು ಮಣ್ಣಿನ ಹುಳು ತಿನ್ನುವ ಪ್ರಾಣಿಪಕ್ಷಿಗಳ ರಕ್ಷಣೆ. ಅಲ್ಲಿ ಕೃಷಿ ಜಮೀನಿಗೂ 0.7, ವ್ಯಾಪಾರ ಮತ್ತು ಕೈಗಾರಿಕೆಗೆ 12. ನ್ಯೂಜಿಲೆಂಡ್‌ನ 70 ಮತ್ತು ಆಸ್ಟ್ರೇಲಿಯಾದ 240 ಮನುಷ್ಯರ ಆರೋಗ್ಯಕ್ಕೆ ಮಾತ್ರ ಇಟ್ಟವು. ಇವೆರಡರ ನಡುವಿನ ಅಂತರಕ್ಕೆ ತರಕಾರಿಯ ಪಾಲು, ದಿನದ ಸುರಕ್ಷಿತ ಪ್ರಮಾಣ, ಊಟದಿಂದ ಬರುವ ಪಾಲು ಹೀಗೆ ಹಲವು ಆಯ್ಕೆಗಳು ಕಾರಣ.

ಹಾಗಾಗಿ ಬೇರೆ ದೇಶದ ಪಟ್ಟಿಯಿಂದ ಒಂದು ಅಂಕಿ ಎತ್ತಿ ನಮ್ಮ ರಿಪೋರ್ಟಿನ ಪಕ್ಕ ಇಡುವ ಮೊದಲು, ಅದು ಯಾರನ್ನು ಕಾಯಲು ಇಟ್ಟ ಅಂಕಿ ಎಂದು ಕೇಳಿ. ಕೆಲಸ ಸುಲಭ ಆಗಲಿ ಎಂದು ದೊಡ್ಡ ಅಂಕಿಯನ್ನೇ ಹುಡುಕಿ ತರುವವರೂ ಇರುತ್ತಾರೆ.

ಬಾವಿ ನೀರಿಗೆ ಇಳಿದರೆ?

ಆಗ ಮೇಲಿನ ಜಾಗ ಮನೆಯೋ ಗೋದಾಮೋ ಎನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಯಾರ ಜಾಗದಲ್ಲಿ ಇಂಗಿದರೂ ಮಳೆನೀರು ಸೇರುವುದು ಅಂತರ್ಜಲಕ್ಕೇ. ಡಿಡಿಟಿ ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಕೆಳಗೆ ಇಳಿಯುವುದು ಕಡಿಮೆ. ಅಟ್ರಜಿನ್ ತರಹದ ಕಳೆನಾಶಕ ಹಾಗಲ್ಲ, ನೀರಿನ ಜೊತೆ ಹೊರಡುತ್ತದೆ. ಯುರೋಪ್ ಒಕ್ಕೂಟ 2004ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಆಮೇಲೂ ವರ್ಷಗಟ್ಟಲೆ ಅಂತರ್ಜಲದಲ್ಲಿ ಸಿಗುತ್ತಲೇ ಇತ್ತು. ಅಲ್ಲಿ ಕುಡಿಯುವ ನೀರಿನಲ್ಲಿ ಯಾವುದೇ ಒಂದು ಕೀಟನಾಶಕ ಲೀಟರಿಗೆ 0.1 ಮೈಕ್ರೋಗ್ರಾಂ ದಾಟಬಾರದು. ಇಂಥ ವಸ್ತುಗಳಿಗೆ ನೀರಿನ ಮಿತಿಯಿಂದ ಹಿಂದಕ್ಕೆ ಲೆಕ್ಕ ಹಾಕಿ ಮಣ್ಣಿನ ಮಿತಿ ಇಡಬೇಕು. ಮರಳು ಮಣ್ಣು, ಮೇಲೆಯೇ ಸಿಗುವ ನೀರು ಇದ್ದರೆ ಇನ್ನೂ ಬಿಗಿ.

ಈಗಿನ ಔಷಧಿಗಳು ಬೇಗ ಕರಗಿ ಹೋಗುತ್ತವಂತೆ. ಮತ್ತೆ ಮಿತಿ ಯಾಕೆ?

ಡಿಡಿಟಿ ಮಣ್ಣಿನಲ್ಲಿ ಅರ್ಧಕ್ಕೆ ಇಳಿಯಲು 2ರಿಂದ 15 ವರ್ಷ ಬೇಕು. ಈಗಿನ ಹಲವು ಔಷಧಿಗಳಿಗೆ ಕೆಲವು ದಿನ ಅಥವಾ ತಿಂಗಳು ಸಾಕು, ಅದು ನಿಜ. ಆದರೆ ಪ್ರತಿ ಬೆಳೆಗೂ ಹೊಡೆಯುತ್ತಿದ್ದರೆ ಮಣ್ಣಿನ ಪಾಲಿಗೆ ಅದು ಹೋದದ್ದೇ ಇಲ್ಲ. ಇನ್ನೊಂದು, ಕರಗಿತು ಎಂದರೆ ಇಲ್ಲವಾಯಿತು ಎಂದಲ್ಲ. ಗ್ಲೈಫೋಸೇಟ್ ಎಂಬ ಕಳೆನಾಶಕ ಒಡೆದು ಆಂಪಾ ಎಂಬ ವಸ್ತುವಾಗುತ್ತದೆ, ಅದು ಇನ್ನೂ ಹೆಚ್ಚು ದಿನ ಉಳಿಯುತ್ತದೆ. ಡಿಡಿಟಿ ಡಿಡಿಇ, ಡಿಡಿಡಿ ಆಗುತ್ತದೆ. ಅದಕ್ಕೇ ಡಿಡಿಟಿಯ ಮಿತಿಯನ್ನು ಸಾಮಾನ್ಯವಾಗಿ ಮೂರನ್ನೂ ಕೂಡಿಸಿಯೇ ಹೇಳುತ್ತಾರೆ. ರಿಪೋರ್ಟಿನಲ್ಲಿ ಡಿಡಿಟಿ ಒಂದನ್ನೇ ಬರೆದು ಉಳಿದೆರಡು ಬಿಟ್ಟಿದ್ದರೆ ವಾಪಸ್ ಕಳಿಸಿ.

ನಾಲ್ಕೈದು ಕೀಟನಾಶಕ ಒಟ್ಟಿಗೆ ಸಿಕ್ಕರೆ? ಪ್ರತಿಯೊಂದೂ ಮಿತಿಯೊಳಗೇ ಇದೆ.

ಕೂಡಿಸಿ ನೋಡಬೇಕು. ಮೈಯೊಳಗೆ ಒಂದೇ ತರ ಕೆಲಸ ಮಾಡುವ ಎರಡು ಕೀಟನಾಶಕ ಇವೆ, ಒಂದು ತನ್ನ ಮಿತಿಯ ನೂರಕ್ಕೆ 60, ಇನ್ನೊಂದು ನೂರಕ್ಕೆ 50 ಅಂದುಕೊಳ್ಳಿ. ಬಿಡಿಬಿಡಿಯಾಗಿ ಎರಡೂ ಪಾಸ್. ಕೂಡಿಸಿದರೆ ನೂರಕ್ಕೆ 110, ಫೇಲ್. ನರಮಂಡಲದ ಒಂದೇ ಕಿಣ್ವವನ್ನು ತಡೆಯುವ ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳಿಗೆ ಇದು ಬಹಳ ಮುಖ್ಯ.

ಸ್ಯಾಂಪಲ್ ಎಲ್ಲಿಂದ, ಎಷ್ಟು ಆಳದಿಂದ ತೆಗೆಯಬೇಕು?

ಮಗು ಮುಟ್ಟುವುದು ಮೇಲಿನ ಮಣ್ಣನ್ನು. ಹಾಗಾಗಿ ಆಟದ ಜಾಗದಲ್ಲಿ ಮೇಲಿನ ಕೆಲವು ಸೆಂಟಿಮೀಟರ್ ಮುಖ್ಯ. ಉಳುವ ಹೊಲದಲ್ಲಿ ನೇಗಿಲು ಹೋಗುವಷ್ಟು ಆಳ. ಅಂತರ್ಜಲದ ಭಯ ಇದ್ದರೆ ಇನ್ನೂ ಕೆಳಗೆ.

ಹೊಲದ ತುಂಬಾ ಹತ್ತು ಕಡೆ ಮಣ್ಣು ತೆಗೆದು, ಕಲಸಿ, ಒಂದೇ ಸ್ಯಾಂಪಲ್ ಕಳಿಸುವ ರೂಢಿ ಇದೆ. ಗೊಬ್ಬರದ ಲೆಕ್ಕಕ್ಕೆ ಅದು ಸರಿ. ವಿಷ ಹುಡುಕಲು ಅದೊಂದೇ ಸಾಲದು. ಸ್ಪ್ರೇಯರ್ ತುಂಬಿಸುತ್ತಿದ್ದ ಮೂಲೆ, ಡಬ್ಬಿ ತೊಳೆದು ಚೆಲ್ಲುತ್ತಿದ್ದ ಕಲ್ಲುಚಪ್ಪಡಿಯ ಪಕ್ಕ, ಔಷಧಿ ಇಡುತ್ತಿದ್ದ ಕೊಟ್ಟಿಗೆಯ ಬಾಗಿಲು, ವಿಷ ಗಟ್ಟಿಯಾಗಿ ಕೂತಿರುವುದು ಇಂಥ ಕಡೆ. ಕಲಸಿದರೆ ಅದು ಸರಾಸರಿಯಲ್ಲಿ ಮುಳುಗಿಹೋಗುತ್ತದೆ. ಇಂಥ ಜಾಗಗಳಿಂದ ಬೇರೆಯಾಗಿಯೇ ತೆಗೆಯಿರಿ. ಆಸ್ಟ್ರೇಲಿಯಾದ ನಿಯಮದಲ್ಲಿ ಸರಾಸರಿ ಚೆನ್ನಾಗಿದ್ದರೂ ಯಾವುದೇ ಒಂದು ಸ್ಯಾಂಪಲ್ ಮಿತಿಯ ಎರಡೂವರೆ ಪಟ್ಟು ದಾಟುವಂತಿಲ್ಲ. ಒಳ್ಳೆಯ ನಿಯಮ ಅದು. ಲ್ಯಾಬ್‌ಗೆ ಕೊಡುವ ಮೊದಲು ಇನ್ನೊಂದು ಕೇಳಿ: ನಿಮ್ಮ ಯಂತ್ರ ಎಷ್ಟು ಕಡಿಮೆ ಪ್ರಮಾಣದವರೆಗೆ ಹಿಡಿಯುತ್ತದೆ? ಮಿತಿ 0.1 ಇದ್ದು, ಯಂತ್ರ 0.5ರಿಂದ ಮೇಲೆ ಮಾತ್ರ ಹಿಡಿಯುವುದಾದರೆ "ಪತ್ತೆಯಾಗಲಿಲ್ಲ" ಎಂಬ ಮಾತಿಗೆ ಬೆಲೆ ಇಲ್ಲ.

ಮಿತಿ ದಾಟಿದೆ ಎಂದು ಬಂತು. ಜಾಗ ಬಿಟ್ಟು ಓಡಬೇಕಾ?

ಬೇಡ. ಇಂಥ ಬಹುಪಾಲು ಮಿತಿಗಳು "ಇಲ್ಲಿ ನಿಂತು ಸರಿಯಾಗಿ ನೋಡು" ಎಂದು ಹೇಳುವ ಗೆರೆಗಳು. ದಾಟಿದ ಕೂಡಲೇ ಕಾಯಿಲೆ ಬರುತ್ತದೆ ಎಂದಲ್ಲ. ಮುಂದಿನ ಹೆಜ್ಜೆ ಆ ಜಾಗದ್ದೇ ಲೆಕ್ಕ. ಹಳೆಯ ಉಳಿಕೆ ವರ್ಷ ಕಳೆದಂತೆ ಮಣ್ಣಿನ ಸಾವಯವ ಅಂಶಕ್ಕೆ ಬಿಗಿಯಾಗಿ ಅಂಟುತ್ತದೆ, ಅಷ್ಟೂ ಮೈಗೆ ಸೇರದೇ ಇರಬಹುದು. ಅಷ್ಟರಲ್ಲಿ ಮಕ್ಕಳನ್ನು ಆ ಮಣ್ಣಿನಿಂದ ದೂರ ಇಡಿ, ಕೈ ತೊಳೆಸಿ, ಚಪ್ಪಲಿ ಹೊರಗೆ ಬಿಡಿಸಿ, ತರಕಾರಿಯನ್ನು ಬೇರೆ ಕಡೆಯಿಂದ ತಂದ ಮಣ್ಣು ತುಂಬಿದ ಮಡಿಯಲ್ಲಿ ಬೆಳೆಯಿರಿ.

ಆಮೇಲೂ ಅಪಾಯ ಇದೆ ಎಂದಾದರೆ ಗಟ್ಟಿಯಾಗಿ ಕೂತ ಜಾಗವನ್ನು ಅಗೆದು ತೆಗೆಯುವುದು, ಶುದ್ಧ ಮಣ್ಣಿನಿಂದ ದಪ್ಪಗೆ ಮುಚ್ಚುವುದು, ಇದ್ದಿಲು ಬೆರೆಸಿ ವಿಷ ಬೇರಿಗೆ ಹೋಗದಂತೆ ಹಿಡಿದಿಡುವುದು, ಇಲ್ಲವೇ ಜಾಗದ ಬಳಕೆಯನ್ನೇ ಬದಲಿಸುವುದು, ಇಷ್ಟು ದಾರಿಗಳಿವೆ. ಕೆಳಗಿನ ಮಣ್ಣಿನ ಜೊತೆ ಉತ್ತು ಕಲಸಿ ಅಂಕಿ ಇಳಿಸುವುದನ್ನೂ ಕೆಲವರು ಹೇಳುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ವಿಷ ಒಂದು ಗ್ರಾಂ ಕೂಡ ಕಡಿಮೆ ಆಗಿರುವುದಿಲ್ಲ, ಹರಡಿರುತ್ತದೆ ಅಷ್ಟೇ.

ಇವತ್ತು ಗೋದಾಮು ಇರುವ ಜಾಗ ನಾಳೆ ಬಡಾವಣೆ ಆದರೆ?

ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಇದೇ. ಅಮೆರಿಕದಲ್ಲಿ 1892ರಿಂದ ಸೀಸದ ಆರ್ಸೆನೇಟ್ ಎಂಬ ಪುಡಿಯನ್ನು ಕೀಟನಾಶಕವಾಗಿ ಬಳಸಲು ಶುರು ಮಾಡಿದರು. ದಶಕಗಳ ಕಾಲ ಸೇಬಿನ ತೋಟಗಳಿಗೆ ಅದನ್ನೇ ಹೊಡೆದರು. ಡಿಡಿಟಿ ಬಂದ ಮೇಲೆ ಅದರ ಬಳಕೆ ಇಳಿಯಿತು. ತೋಟಗಳು ಹೋದವು, ಆ ಜಾಗಗಳಲ್ಲಿ ಎಷ್ಟೋ ಕಡೆ ಮನೆ, ಶಾಲೆಗಳು ಎದ್ದವು. ಸೀಸ, ಆರ್ಸೆನಿಕ್ ಮೂಲಧಾತುಗಳು. ಅವು ಕರಗಿ ಇಲ್ಲವಾಗುವ ಮಾತೇ ಇಲ್ಲ. ಮರ ಕಡಿದರೂ ಅವು ಮೇಲ್ಮಣ್ಣಿನಲ್ಲೇ ಕೂತಿದ್ದವು. ಅಲ್ಲಿಗೆ ಬಂದ ಮನೆಯವರಿಗೆ ಅದು ತೋಟವಾಗಿತ್ತು ಎನ್ನುವುದೂ ಎಷ್ಟೋ ಸಲ ಗೊತ್ತಿರಲಿಲ್ಲ.

ಬಳಕೆ ನೋಡಿ ಮಿತಿ ಇಡುವ ಪದ್ಧತಿಯ ದುರ್ಬಲ ಜಾಗ ಇದು. "ಇದು ಗೋದಾಮಿಗೆ ಮಾತ್ರ ಸರಿ" ಎಂದು ತೀರ್ಮಾನಿಸಿದವರು ಆ ಮಾತನ್ನು ಫೈಲಿನಲ್ಲಿಟ್ಟು ಮರೆತರೆ, ಇಪ್ಪತ್ತು ವರ್ಷದ ನಂತರ ಅಲ್ಲಿ ಅಂಬೆಗಾಲಿಡುವ ಮಗುವಿಗೆ ಅದನ್ನು ಯಾರು ಹೇಳುತ್ತಾರೆ? ಆ ಷರತ್ತು ಜಾಗದ ದಾಖಲೆಯ ಜೊತೆಗೇ ಅಂಟಿಕೊಂಡು ಕೈಯಿಂದ ಕೈಗೆ ಹೋಗಬೇಕು. ಬಳಕೆ ಬದಲಾಗುವ ದಿನ ಹೊಸ ಪರೀಕ್ಷೆ, ಹೊಸ ಲೆಕ್ಕ ಆಗಬೇಕು.

ಜಾಗ ಕೊಳ್ಳುವ ಮುಂಚೆ ಅಕ್ಕಪಕ್ಕದ ವಯಸ್ಸಾದವರ ಹತ್ತಿರ ಕೂತು ಮಾತಾಡಿ. ಮೊದಲು ಏನು ಬೆಳೆಯುತ್ತಿದ್ದರು, ಔಷಧಿ ಎಲ್ಲಿ ಕಲಸುತ್ತಿದ್ದರು, ಖಾಲಿ ಡಬ್ಬಿಗಳನ್ನು ಎಲ್ಲಿ ಹೂತರು ಎಂದು ಕೇಳಿ. ಅವರು ಬೆರಳು ಮಾಡಿ ತೋರಿಸಿದ ಜಾಗದಿಂದಲೇ ಮೊದಲ ಸ್ಯಾಂಪಲ್ ತೆಗೆಯಿರಿ.